ಸುವರ್ಣಮ್ಮನ ಫಾರ್ಟಿ ಫೈವ್

ಬಾಗೂರಿನ ರುದ್ರಯ್ಯನಿಗೆ, ಅಂದರೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ರುದ್ರಯ್ಯನಿಗೆ, ಈ ಜನ್ಮದಲ್ಲಿ ಉಳಿದಿದ್ದದ್ದು ಒಂದೇ ಆಸೆ. ಹೊಳೆನರಸೀಪುರದ ಬೀಗರ ಮನೆಯ ಹಜಾರದಲ್ಲಿ ಕೂತು, ಟೀಪಾಯಿಯ ಮೇಲೆ ಟಪ್ಪೆಂದು ಒಂದು ಪಿಸ್ತೂಲು ಇಟ್ಟು, ಬೀಗ ಈಶ್ವರಯ್ಯನ ಬಾಯಿ ಮುಚ್ಚಿಸಬೇಕು. ಇದೆಂಥ ಆಸೆ ಎಂದು ನೀವು ನಗಬಹುದು. ಈಶ್ವರಯ್ಯನ ಬಾಯಿಗೆ ನೀವು ಸಿಕ್ಕಿಲ್ಲ, ಅದಕ್ಕೇ ನಗು ಬರುತ್ತದೆ.

ಮಗಳು ಪ್ರತಿಭಾಳನ್ನು ಆ ಮನೆಗೆ ಕೊಟ್ಟಾಗಿನಿಂದ ಹೋದಾಗಲೆಲ್ಲ ಅದೇ ಪೂಜೆ, ಅದೇ ಮಂಗಳಾರತಿ. ಕಾಫಿ ಕುಡಿದು ಮುಗಿಯುವಷ್ಟರಲ್ಲಿ ಈಶ್ವರಯ್ಯ ಗೋಡೆಯ ಮೇಲಿನ ಜೋಡುನಳಿಗೆ ಕೋವಿ ಇಳಿಸಿ, ಅದನ್ನು ರುದ್ರಯ್ಯನ ತೊಡೆಯ ಮೇಲೆ ಮಗು ಮಲಗಿಸಿದ ಹಾಗೆ ಮಲಗಿಸಿ, ಹೋದ ವರ್ಷ ತಾನು ಗಾಳಿಯಲ್ಲಿ ಗುಂಡು ಹಾರಿಸಿ ಚಿರತೆ ಓಡಿಸಿದ ಕಥೆ ಶುರು ಮಾಡುತ್ತಿದ್ದ. ಆ ಚಿರತೆ ಮೊದಲ ಸಲ ಹೇಳಿದಾಗ ನಾಯಿಯಷ್ಟಿತ್ತು. ಈಗೀಗ ಎತ್ತಿನಷ್ಟಾಗಿತ್ತು. ಕೇಳಿ ಕೇಳಿ ರುದ್ರಯ್ಯನ ತೊಡೆ ಜೋಮು ಹಿಡಿಯುತ್ತಿತ್ತೇ ಹೊರತು ಎದುರಿಗೆ ಹೇಳುವುದಕ್ಕೆ ಅವನ ಹತ್ತಿರ ಒಂದು ಕಥೆಯೂ ಇರಲಿಲ್ಲ. ಇಡೀ ಆಯುಸ್ಸಿನಲ್ಲಿ ಅವನು ಓಡಿಸಿದ ದೊಡ್ಡ ಪ್ರಾಣಿ ಎಂದರೆ ಮಂಡಿಯ ಹೆಗ್ಗಣ.

ಹಾಗಾದರೆ ಒಂದು ಲೈಸೆನ್ಸ್ ಮಾಡಿಸಿಕೊಳ್ಳಬಾರದಿತ್ತೇ? ಮಾಡಿಸಬಹುದಿತ್ತು, ಹಿಂದೊಮ್ಮೆ ಹರಾಜಿನಲ್ಲಿ ಸಿಟ್ಟು ನೆತ್ತಿಗೇರಿ ದಲ್ಲಾಳಿಯೊಬ್ಬನ ತಲೆಗೆ ತೆಂಗಿನಕಾಯಿ ಎಸೆಯದೇ ಇದ್ದಿದ್ದರೆ. ತಲೆ ಒಡೆಯಲಿಲ್ಲ, ಕಾಯಿ ಒಡೆಯಿತು. ಆದರೂ ಕೇಸು ಕೋರ್ಟಿನಲ್ಲಿ ಇನ್ನೂ ಜೀವಂತವಾಗಿದೆ. ಕಾಯಿಯನ್ನೇ ಹೀಗೆ ಬಳಸುವವನ ಕೈಗೆ ಪಿಸ್ತೂಲು ಕೊಡುವುದು ಬೇಡವೆಂದು ಪೊಲೀಸರು ಬರೆದು ಕಳಿಸಿದರು. ಆಗ ರುದ್ರಯ್ಯ ಹೆಂಡತಿ ಸುವರ್ಣಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದ. ತೋಟದ ಒಂಟಿ ಗೋಡೋನನ್ನು ನೋಡಿಕೊಳ್ಳುವವಳು ಅವಳೇ, ಅಲ್ಲಿ ಕಳ್ಳರು ಬಾಗಿಲು ಮುರಿದದ್ದೂ ನಿಜವೇ, ಹಾಗಾಗಿ ಯಾರೂ ಅಡ್ಡಿ ಹೇಳಲಿಲ್ಲ. ಪೊಲೀಸರು ನಡೆಸುವ ಬಂದೂಕು ತರಬೇತಿಗೂ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದ. ಅವಳು ಮೈದಾನದಲ್ಲಿ ಬೋರಲು ಮಲಗಿ ಗುಂಡು ಹೊಡೆಯುತ್ತಿದ್ದರೆ ಈ ಮಹಾನುಭಾವ ಹೊರಗೆ ಮರದ ನೆರಳಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ. ದಸರೆ ಕಳೆಯುತ್ತಲೇ ಲೈಸೆನ್ಸ್ ಬಂತು.

ಹೆಸರು ಅವಳದ್ದು ಎಂಬುದನ್ನು ರುದ್ರಯ್ಯ ಮನಸ್ಸಿಗೇ ಹಚ್ಚಿಕೊಳ್ಳಲಿಲ್ಲ. ಅದಕ್ಕೂ ಕಾರಣವಿದೆ. ಸುವರ್ಣಮ್ಮ ಒಂದು ಅವಧಿ ಗ್ರಾಮ ಪಂಚಾಯ್ತಿ ಮೆಂಬರಾಗಿದ್ದಳು. ಆಗ ಮೀಟಿಂಗಿಗೆ ಹೋದವನು ರುದ್ರಯ್ಯ, ಕುರ್ಚಿಯಲ್ಲಿ ಕೂತವನು ರುದ್ರಯ್ಯ, ಉದ್ಘಾಟನೆಗೆ ಟೇಪು ಕತ್ತರಿಸಿದವನು ರುದ್ರಯ್ಯ. ಊರಿನವರು 'ಮೆಂಬರ್ರೇ' ಎಂದು ಕರೆದರೆ ತಿರುಗಿ ನೋಡುತ್ತಿದ್ದವನೂ ಅವನೇ. ಸುವರ್ಣಮ್ಮ ಸೈನು ಹಾಕಿ ಅಡುಗೆಮನೆಗೆ ಹೋಗುತ್ತಿದ್ದಳು. ಪಿಸ್ತೂಲಿನದ್ದೂ ಅದೇ ಲೆಕ್ಕ ಎಂದುಕೊಂಡ ಪುಣ್ಯಾತ್ಮ.

ಲೈಸೆನ್ಸ್ ಬಂದ ದಿನದಿಂದ ಅವನು ಫೋನಿಗೆ ಅಂಟಿಕೊಂಡ. ಊಟಕ್ಕೆ ಕೂತರೂ ಪಿಸ್ತೂಲು, ಹಾಸಿಗೆಗೆ ಬಿದ್ದರೂ ಪಿಸ್ತೂಲು. ಸಣ್ಣ ಗುಂಡಿನದ್ದು ಅವನಿಗೆ ಬೇಡ. ಈಶ್ವರಯ್ಯನ ಕೋವಿಯ ಮುಂದೆ ಅದು ಆಟದ ಸಾಮಾನು. ಫಾರ್ಟಿ ಫೈವೇ ಆಗಬೇಕು, ದಪ್ಪ ಗುಂಡಿನದ್ದು. ಆದರೆ ಫಾರ್ಟಿ ಫೈವಿನಲ್ಲೂ ಮೂರು ಜಾತಿ. ಒಂದು ಹಳೇ ನಮೂನೆ: ಪೂರಾ ಉಕ್ಕು, ಹಿಂಬದಿಯಲ್ಲಿ ಗುಂಡಿಗೆ ಏಟು ಹಾಕುವ ಕೊಕ್ಕಿನಂಥ ಹ್ಯಾಮರ್, ಅದನ್ನು ಮೊದಲೇ ಎಳೆದು ಲಾಕ್ ಮಾಡಿಟ್ಟುಕೊಳ್ಳಬೇಕು, ಹಿಡಿಸುವುದು ಏಳು ಗುಂಡು. ಎರಡನೆಯದು ಹೊಸ ನಮೂನೆ: ಹಿಡಿ ಪ್ಲಾಸ್ಟಿಕ್, ಹ್ಯಾಮರ್ ಕಾಣುವುದೇ ಇಲ್ಲ, ಹದಿಮೂರು ಗುಂಡು ನುಂಗುತ್ತದೆ. ಮೂರನೆಯದಕ್ಕೆ ಹ್ಯಾಮರೂ ಇದೆ, ಎಳೆದ ಹ್ಯಾಮರನ್ನು ಜೋಪಾನವಾಗಿ ಇಳಿಸಲು ಪಕ್ಕದಲ್ಲೊಂದು ಪುಟ್ಟ ಸನ್ನೆಗೋಲೂ ಇದೆ. ಮೊದಲ ಗುಂಡಿಗೆ ಟ್ರಿಗರ್ ಬಿಗಿ, ಆಮೇಲಿನದಕ್ಕೆ ಸಡಿಲ. ಈ ಮೂರರಲ್ಲಿ ರುದ್ರಯ್ಯ ಮನಸೋತದ್ದು ಹಳೇ ನಮೂನೆಗೆ. ಹೆಬ್ಬೆರಳಿನಿಂದ ಹ್ಯಾಮರ್ ಎಳೆದಾಗ ಬರುವ ಆ ಕಟಕ್ ಸದ್ದು! ಅದೊಂದು ಸದ್ದಿಗೆ ಈಶ್ವರಯ್ಯನ ಚಿರತೆ ಬಾಲ ಮುದುರಿಕೊಳ್ಳುತ್ತದೆಂದು ಅವನ ನಂಬಿಕೆ. ಪ್ಲಾಸ್ಟಿಕ್ಕಿನದ್ದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಊಟದ ಡಬ್ಬಿ ಮಾಡುವ ವಸ್ತುವಿನಲ್ಲಿ ಯಾರಾದರೂ ಪಿಸ್ತೂಲು ಮಾಡುತ್ತಾರೆಯೇ ಎಂದು ಮಂಡಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿ ತಲೆ ತಿಂದ.

ಅಂತೂ ಶಿವರಾತ್ರಿ ಹತ್ತಿರವಾದಾಗ ಗಂಡ ಹೆಂಡತಿ ಬಾಡಿಗೆ ಕಾರು ಹತ್ತಿ ಹಾಸನಕ್ಕೆ ಹೋದರು. ಚೆನ್ನಯ್ಯನ ಬಂದೂಕಿನಂಗಡಿ ಸಣ್ಣದು. ಅವನು ಲೈಸೆನ್ಸ್ ನೋಡಿ, ಮೂರೂ ಪಿಸ್ತೂಲು ತಂದು, ಖಾಲಿಯಿದೆಯೆಂದು ತೆರೆದು ತೋರಿಸಿ ಹಸಿರು ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ರುದ್ರಯ್ಯನ ಕಣ್ಣು ತುಂಬಿ ಬಂತು. ಹಳೇ ನಮೂನೆಯದರತ್ತ ಕೈ ಚಾಚಿದ. ಚೆನ್ನಯ್ಯ ಮೆತ್ತಗೆ ಅದನ್ನೆತ್ತಿ, ಅವನ ಕೈ ದಾಟಿಸಿ, ಸುವರ್ಣಮ್ಮನ ಮುಂದಿಟ್ಟ.

"ಲೈಸೆನ್ಸ್ ಅಮ್ಮಾವ್ರದು ಸಾ. ನೀವು ದೂರದಿಂದ ನೋಡಿ," ಅಂದ.

ರುದ್ರಯ್ಯ ನಕ್ಕುಬಿಟ್ಟು, ಅವಳಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಹಳೇದನ್ನೇ ಕಟ್ಟಿಕೊಡು, ಸೈನು ಹಾಕುತ್ತಾಳೆ ಎಂದ. ಸುವರ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲು ಎಳೆದುಕೊಂಡು ಕೂತಳು. ಹಾಗೆ ಅವಳು ಕೂತಳೆಂದರೆ ಏನರ್ಥವೆಂದು ಚನ್ನರಾಯಪಟ್ಟಣದ ಸೀರೆ ಅಂಗಡಿಯವರಿಗೆಲ್ಲ ಗೊತ್ತು. ಕುಕ್ಕರು ಮಾರುವವರಿಗೂ ಗೊತ್ತು. ಚೆನ್ನಯ್ಯನಿಗೆ ಮಾತ್ರ ಗೊತ್ತಿರಲಿಲ್ಲ, ಪಾಪ.

ಒಂದೊಂದನ್ನೂ ಎತ್ತಿ ತೂಕ ನೋಡಿದಳು. ಗೋಡೆಯ ಕಡೆಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಮೂಸಿ ನೋಡಿದಳು. ಇದು ಎಷ್ಟು ಜನ ಮುಟ್ಟಿದ ಪೀಸು, ಒಳಗಿಂದ ಹೊಸದು ತನ್ನಿ ಎಂದಳು. ಕೆಟ್ಟರೆ ಬಿಡಿಭಾಗ ಹಾಸನದಲ್ಲೇ ಸಿಗುತ್ತದೆಯೋ ಬೆಂಗಳೂರಿಗೆ ಅಲೆಯಬೇಕೋ ಎಂದು ಕೇಳಿದಳು. ಬಿಚ್ಚಿ ಒರೆಸುವುದು ಸುಲಭವೋ ಕಷ್ಟವೋ, ಕೊಬ್ಬರಿ ಎಣ್ಣೆ ಹಚ್ಚಿದರೆ ಆಗುತ್ತದೋ ಇಲ್ಲವೋ ಎಂದು ಕೇಳಿದಳು. ಆಗುವುದಿಲ್ಲ ಎಂದು ಚೆನ್ನಯ್ಯ ಬೆವರು ಒರೆಸಿಕೊಂಡ. ಅರಕಲಗೂಡಿನ ಹೊಗೆಸೊಪ್ಪಿನ ಸಾಹುಕಾರರೊಬ್ಬರು ಹಳೇ ನಮೂನೆಯನ್ನೇ ಒಯ್ದರೆಂದು ಹೇಳಿ ನೋಡಿದ. ಅವರು ಸೀರೆ ಉಡುತ್ತಾರೇನು ಎಂದು ಸುವರ್ಣಮ್ಮ ಕೇಳಿದಳು.

ಕೇಳಿದ್ದು ಸುಮ್ಮನೆ ಅಲ್ಲ. ಹಳೇ ನಮೂನೆಯ ಪಿಸ್ತೂಲನ್ನು ಚರ್ಮದ ಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡು ಸೆರಗು ಇಳಿಬಿಟ್ಟಳು. ಎಳೆದು ತೆಗೆದಾಗ ಹ್ಯಾಮರಿನ ಕೊಕ್ಕು ಸೆರಗಿಗೆ ಸಿಕ್ಕಿಕೊಂಡು ಪಿಸ್ತೂಲು ಸೀರೆಯಲ್ಲಿ ಜೋಲಿ ಹೊಡೆಯಿತು. ಇನ್ನೊಮ್ಮೆ ಮಾಡಿದಳು, ಇನ್ನೊಮ್ಮೆ ಸಿಕ್ಕಿಕೊಂಡಿತು. ಬೇಕಾದರೆ ಬೇರೆ ಸೀರೆ ಕೊಡಿಸುತ್ತೇನೆ ಎಂದು ರುದ್ರಯ್ಯ ಗೋಗರೆದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ತಾನಾಗಿ ಸೀರೆ ಕೊಡಿಸುವ ಮಾತಾಡಿದ್ದು ಅದೇ ಮೊದಲು.

ಮೂರನೆಯದನ್ನು ಎತ್ತಿ ಟ್ರಿಗರ್ ಒತ್ತಿದಳು. ಮತ್ತೆ ಹ್ಯಾಮರ್ ಎಳೆದು ಒತ್ತಿದಳು. ಮುಖ ಹುಳ್ಳಗೆ ಮಾಡಿ ಕೆಳಗಿಟ್ಟಳು.

"ಒಂದ್ಸಲ ಬಿಗಿ, ಒಂದ್ಸಲ ಸಡ್ಲ. ಇಂಥದ್ದು ಮನೇಲಿ ಒಂದೈತೆ, ಸಾಕು," ಎಂದು ಗಂಡನ ಕಡೆ ನೋಡಿದಳು. ಚೆನ್ನಯ್ಯ ಕೆಮ್ಮಿ ನಗು ನುಂಗಿಕೊಂಡ.

ಉಳಿದದ್ದು ಪ್ಲಾಸ್ಟಿಕ್ಕಿನದ್ದು. ಹಗುರ. ಸೆರಗಿಗೆ ಸಿಕ್ಕುವಂಥದ್ದು ಏನೂ ಇಲ್ಲ. ಹಿಡಿ ದಪ್ಪವಾಯಿತೆಂದಾಗ ಚೆನ್ನಯ್ಯ ಹಿಂಬದಿಯ ಪಟ್ಟಿ ಕಳಚಿ ಸಣ್ಣದೊಂದನ್ನು ಕೂರಿಸಿದ. ಆಮೇಲೆ ಅದು ಅವಳ ಕೈಗೆಂದೇ ಎರಕ ಹೊಯ್ದಂತೆ ಕೂತಿತು. ಮೇಲಿನ ಕಬ್ಬಿಣದ ಭಾಗವನ್ನು ಹಿಂದಕ್ಕೆ ಎಳೆಯಲು ಹೆಂಗಸರಿಗೆ ಕೊಂಚ ಕಷ್ಟ ಎಂದು ಅವನು ಹೇಳುತ್ತಿದ್ದಂತೆಯೇ ಒಂದೇ ಎಳೆತಕ್ಕೆ ಎಳೆದಳು. ದಿನವೆಲ್ಲ ಕೊಬ್ಬರಿ ಚೀಲ ಎಳೆದಾಡುವ ಕೈ ಅದು.

ರುದ್ರಯ್ಯ ಕೊನೆಯ ಪ್ರಯತ್ನವೆಂದು ದನಿ ಏರಿಸಿದ. ಹಳೇದೇ ತಗೊಳ್ಳಬೇಕು, ಪಿಸ್ತೂಲೆಂದರೆ ಪಿಸ್ತೂಲಿನ ಹಾಗಿರಬೇಕು, ನಾಳೆ ನಾಲ್ಕು ಜನರ ಮುಂದೆ ಈ ಡಬ್ಬಿ ಇಟ್ಟುಕೊಂಡು ತಾನು ತಲೆ ಎತ್ತುವುದು ಹೇಗೆ ಎಂದು ಕೂಗಾಡಿದ.

"ನೀವ್ಯಾಕ್ರೀ ತಲೆ ಎತ್ತೀರಿ? ಇಟ್ಕಳೋಳು ನಾನು," ಅಂದಳು ಸುವರ್ಣಮ್ಮ. ಅಷ್ಟು ಹೇಳಿ ಚೆನ್ನಯ್ಯನ ಪೆನ್ನು ತೆಗೆದುಕೊಂಡು ಸೈನು ಹಾಕಿದಳು. ಪಂಚಾಯ್ತಿಯಲ್ಲಿ ಹಾಕುತ್ತಿದ್ದ ಅದೇ ಸೈನು. ಅದು ಇಷ್ಟು ಚೆನ್ನಾಗಿದೆ ಎಂದು ರುದ್ರಯ್ಯ ಯಾವತ್ತೂ ಗಮನಿಸಿರಲಿಲ್ಲ.

ಕಾರಿನಲ್ಲಿ ಅವನು ಮುಖ ಊದಿಸಿಕೊಂಡೇ ಕೂತಿದ್ದ. ಆದರೆ ಹಾಸನ ದಾಟುವಷ್ಟರಲ್ಲಿ ಸಿಟ್ಟು ಇಳಿದು ಆಸೆ ಮತ್ತೆ ತಲೆ ಎತ್ತಿತು. ಪ್ಲಾಸ್ಟಿಕ್ಕಾದರೇನು, ಫಾರ್ಟಿ ಫೈವೇ ತಾನೇ? ಪ್ರತಿಭಾಳನ್ನು ನೋಡಿ ಬಹಳ ದಿನವಾಯಿತು, ಹೊಳೆನರಸೀಪುರದ ಮೇಲೆ ಹೋಗಿಬರೋಣ ಎಂದ. ಮಗಳ ನೆನಪು ಅವನಿಗೆ ಯಾಕೆ ಬಂತೆಂದು ಸುವರ್ಣಮ್ಮನಿಗೆ ಗೊತ್ತಿಲ್ಲದೆ ಏನಲ್ಲ. ಸುಮ್ಮನೆ ತಲೆ ಆಡಿಸಿದಳು. ಪಿಸ್ತೂಲಿನ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ತಾನು ಹಿಡಿದುಕೊಳ್ಳುತ್ತೇನೆ ಎಂದು ಅವನು ಅಂದದ್ದಕ್ಕೆ ಮಾತ್ರ, ಅದನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು ತರಬೇತಿಯಲ್ಲಿ ಹೇಳಿದ್ದಾರೆ ಎಂದು ತನ್ನ ತೊಡೆಯ ಮೇಲೇ ಇಟ್ಟುಕೊಂಡಳು.

ಬೀಗರ ಮನೆಯಲ್ಲಿ ಕಾಫಿ ಬಂತು, ಕೋವಿ ಇಳಿಯಿತು, ತೊಡೆಯ ಮೇಲೆ ಮಲಗಿತು. ಈಶ್ವರಯ್ಯ ಗಂಟಲು ಸರಿಮಾಡಿಕೊಂಡು ಚಿರತೆಯನ್ನು ಹೊರಗೆ ಬಿಡುವಷ್ಟರಲ್ಲಿ ರುದ್ರಯ್ಯ ಜೀವ ಬಿಗಿಹಿಡಿದು ಅಡ್ಡ ಬಾಯಿ ಹಾಕಿದ. ನಾವೂ ಒಂದು ತಂದಿದ್ದೇವೆ ಬೀಗರೇ, ಫಾರ್ಟಿ ಫೈವು ಎಂದ. ಈಶ್ವರಯ್ಯನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಎಲ್ಲಿ, ತೋರಿಸಿ ಎಂದು ಕೈ ಚಾಚಿದ. ಎಲ್ಲರೂ ರುದ್ರಯ್ಯನನ್ನು ನೋಡಿದರು. ರುದ್ರಯ್ಯ ಹೆಂಡತಿಯನ್ನು ನೋಡಿದ.

ಸುವರ್ಣಮ್ಮ ಪೆಟ್ಟಿಗೆ ತೆರೆದು, ಪಿಸ್ತೂಲಿನ ಮೂತಿ ನೆಲಕ್ಕೆ ಮಾಡಿ, ಗುಂಡು ತುಂಬುವ ಮ್ಯಾಗಜೀನು ತೆಗೆದು, ಒಳಗೆ ಖಾಲಿಯಿದೆಯೆಂದು ತೋರಿಸಿ ಟೀಪಾಯಿಯ ಮೇಲಿಟ್ಟಳು. ಟಪ್ಪೆಂದು ಸದ್ದು ಬರಲಿಲ್ಲ, ಮೆತ್ತಗೆ ಇಟ್ಟಳು. ಮುಟ್ಟಬ್ಯಾಡಿ, ನೋಡಿ ಎಂದಳು. ಈಶ್ವರಯ್ಯ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಎಷ್ಟು ಗುಂಡು ಎಂದು ಅವನು ಕೇಳಿದ್ದಕ್ಕೆ ರುದ್ರಯ್ಯ ಏಳು ಎಂದ, ಸುವರ್ಣಮ್ಮ ಹದಿಮೂರು ಎಂದಳು. ಆಮೇಲೆ ಈಶ್ವರಯ್ಯ ರುದ್ರಯ್ಯನನ್ನು ಏನೂ ಕೇಳಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸುವರ್ಣಮ್ಮ ಗಂಡನ ತೊಡೆಯ ಮೇಲಿದ್ದ ಕೋವಿಯನ್ನು ಎತ್ತಿಕೊಂಡು, ಯಾವ ಕೋವಿಯನ್ನೂ ಮೊದಲು ತೆರೆದು ನೋಡಬೇಕಂತೆ ಎನ್ನುತ್ತ ನಳಿಗೆ ಬಾಗಿಸಿ ತೆರೆದು ಬೆಳಕಿಗೆ ಹಿಡಿದಳು. ಬೆಳಕು ಕಾಣಲಿಲ್ಲ. ಎರಡು ನಳಿಗೆಯಲ್ಲೂ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು, ಗೂಡಿನ ಮೇಲೆ ಗೂಡು, ಎಷ್ಟು ತಲೆಮಾರಿನ ಹುಳವೋ ಏನೋ. ಹೋದ ವರ್ಷ ಇದರಿಂದ ಗುಂಡು ಹಾರಿತ್ತು ಎಂದರೆ ಹುಳಗಳೇ ನಂಬುತ್ತಿರಲಿಲ್ಲ. ಪ್ರತಿಭಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಈಶ್ವರಯ್ಯ ಸೀಲಿಂಗ್ ಫ್ಯಾನನ್ನೇ ನೋಡುತ್ತ ಕೂತ.

ಆಹಾ, ಬಾಯಿ ಮುಚ್ಚಿತು! ಜನ್ಮದ ಆಸೆ ಕಣ್ಣೆದುರಿಗೇ ನೆರವೇರಿತು. ರುದ್ರಯ್ಯ ಮೀಸೆ ಮುಟ್ಟಿಕೊಂಡು ಇನ್ನು ತನ್ನ ಸರದಿ ಎಂದು ಮುಂದಕ್ಕೆ ಬಾಗಿದ. ಬಾಗಿದ ಮೇಲೆ ಹೇಳುವುದಕ್ಕೆ ಏನೂ ಇಲ್ಲವೆಂದು ನೆನಪಾಯಿತು. ಅಷ್ಟರಲ್ಲಿ ಈಶ್ವರಯ್ಯ, ಮರ್ಯಾದೆ ಉಳಿಸಿಕೊಳ್ಳಲು ಏನಾದರೂ ಕೇಳಬೇಕಲ್ಲ, ಹೆಣ್ಣುಮಗಳಿಗೆ ಇಷ್ಟು ದೊಡ್ಡದು ಯಾಕಮ್ಮ ಎಂದು ಸುವರ್ಣಮ್ಮನನ್ನೇ ಕೇಳಿದ.

ಅವಳು ಹೇಳಿದಳು. ಕಾರ್ತಿಕದಲ್ಲಿ ಒಂದು ಸಂಜೆ ಗೋಡೋನಿನ ಬಾಗಿಲಿಗೇ ಚಿರತೆ ಬಂದಿತ್ತು. ನಾಯಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕೆಲಸದವರೆಲ್ಲ ಹೊರಟುಹೋಗಿದ್ದರು. ಖಾಲಿ ಎಣ್ಣೆ ಡಬ್ಬ ಬಡಿದಳು, ಅದು ಅಲುಗಲಿಲ್ಲ. ಇನ್ನೂ ಬಡಿದಳು, ಕೈ ಬಾತುಹೋಗುವವರೆಗೂ ಬಡಿದಳು. ಕೊನೆಗೆ ಅದು ಬೇಜಾರಾದ ಹಾಗೆ ಎದ್ದು ಹೋಯಿತು. ಬಾಗಿಲು ಹಾಕಿಕೊಂಡು ಕೊಬ್ಬರಿ ರಾಶಿಯ ಮೇಲೆ ಕೂತು ಅತ್ತಳಂತೆ. ಇಷ್ಟನ್ನೂ ಅವಳು ಯಾವ ಬಣ್ಣವೂ ಇಲ್ಲದೆ, ಸಾರಿಗೆ ಒಗ್ಗರಣೆ ಹಾಕಿದ್ದನ್ನು ಹೇಳುವ ಹಾಗೆ ಹೇಳಿದಳು. ರುದ್ರಯ್ಯನ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು.

"ನಂಗ್ಯಾಕೆ ಏಳ್ನಿಲ್ಲ ನೀನು?" ಎಂದು ಕೇಳಿದ.

"ಅವತ್ತೇ ಏಳ್ದೆ ಕಣ್ರೀ. ಫೋನ್ನಾಗೆ ಪಿಸ್ತೂಲು ನೋಡ್ತಾ ಇದ್ರಿ. ಊಂ ಅಂದ್ರಿ."

ರುದ್ರಯ್ಯ ಅವಳ ಅಂಗೈಯನ್ನು ನೋಡಿದ, ಈಗ ಅಲ್ಲಿ ಬಾವು ಇರಲಿಲ್ಲ, ಯಾವತ್ತು ಇಳಿಯಿತೋ ಅವನಿಗೆ ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟು, ಬೀಗರು ನೋಡುತ್ತಿದ್ದಾರೆ ಎಂಬುದನ್ನೂ ಮರೆತು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಮೊದ್ಲಿಂದ ಏಳು, ಕೇಳ್ತೀನಿ," ಅಂದ.