ಕುಪ್ಪುಸ್ವಾಮಿಯ ಶಿಫ್ಟು

ರಾಬರ್ಟ್‌ಸನ್‌ಪೇಟೆಯ ಹುಡುಗರಿಗೆ ಬೇರೆ ಕೆಲಸವಿರಲಿಲ್ಲವೋ ಏನೋ, ಕೋರಮಂಡಲ್ ಗಣಿಯ ತಂಡ ಮೊದಲ ಸಲ ಚಿನ್ನದ ಗಣಿಗಳ ಫುಟ್‌ಬಾಲ್ ಕಪ್ ಗೆದ್ದು ಐವತ್ತು ವರ್ಷವಾಯಿತೆಂದು ಸಮಾರಂಭವನ್ನೇ ಇಟ್ಟುಕೊಂಡುಬಿಟ್ಟರು. ಗೆದ್ದದ್ದು ಒಂದೇ ಒಂದು ಗೋಲಿನಿಂದ. ಆಟ ಮುಗಿಯಲು ಇನ್ನೆರಡು ನಿಮಿಷವಿದ್ದಾಗ, ಇಬ್ಬರ ಭುಜದ ನಡುವಿನಿಂದ ಜಿಗಿದು ತಲೆಯಲ್ಲಿ ಚೆಂಡು ಹೊಡೆದವನು ಕುಪ್ಪುಸ್ವಾಮಿ. ಆ ತಂಡದಲ್ಲಿ ಈಗ ಬದುಕಿರುವವನೂ ಅವನೊಬ್ಬನೇ. ಶಾಲು, ಹಾರ, ಫಲಕ ಎಲ್ಲ ರೆಡಿ, ಭಾನುವಾರ ಸಂಜೆ ಮೈದಾನಕ್ಕೆ ಬಂದರೆ ಸಾಕು ತಾತ ಎಂದ ಹುಡುಗರ ಸಂಘದ ಗಿರಿ. ಮುನಿನಾರಾಯಣಮ್ಮನನ್ನೂ ಕರೆದಿದ್ದೇವೆ, ನಿಮಗೆ ಹಾರ ಹಾಕುವುದು ಅವರೇ ಎಂದೂ ಸೇರಿಸಿದ.

ಅಂದಿನಿಂದ ಮುದುಕ ಹೋಟೆಲಿನ ಕಡೆ ತಲೆ ಹಾಕಲಿಲ್ಲ.

ಮುನಿನಾರಾಯಣಮ್ಮ ಅವನ ಜೀವದ ಗೆಳೆಯ ಮುನಿಸ್ವಾಮಪ್ಪನ ಹೆಂಡತಿ. ಆ ಫೈನಲ್ ನಡೆಯುತ್ತಿದ್ದ ಹೊತ್ತಿನಲ್ಲೇ ಗಣಿಯ ಆಳದಲ್ಲಿ ಬಂಡೆ ಸಿಡಿದು ಮುನಿಸ್ವಾಮಪ್ಪ ಸತ್ತಿದ್ದ. ಊರಿಗೆ ಗೊತ್ತಿದ್ದದ್ದು ಇಷ್ಟೇ, ಅದಕ್ಕೇ ಹಾರ ಹಾಕಲು ಅವಳನ್ನು ಆರಿಸಿದ್ದರು. ಆ ಮಧ್ಯಾಹ್ನದ ಶಿಫ್ಟು ಕುಪ್ಪುಸ್ವಾಮಿಯದೆಂಬುದು ಅವನಿಗೂ ಮೇಸ್ತ್ರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ರಜ ಕೊಡುವುದಿಲ್ಲವೆಂದು ಹಟ ಹಿಡಿದಿದ್ದ. ವಾರದ ರಜದಲ್ಲಿದ್ದ ಮುನಿಸ್ವಾಮಪ್ಪನ ಕೈಹಿಡಿದು, ಇದೊಂದು ದಿನ ನನ್ನ ಬದಲು ಇಳಿಯಪ್ಪ ಎಂದು ಗೋಗರೆದವನು ಕುಪ್ಪುಸ್ವಾಮಿ. ಅವನು ನಗುತ್ತ ಇಳಿದ.

ಬದಲಿಗೆ ಇಳಿದವನೆಂದು ತಿಳಿದರೆ ಹೆಂಡತಿಗೆ ಪರಿಹಾರ ಸಿಕ್ಕದೆಂದು ಹೆದರಿ, ಮುನಿಸ್ವಾಮಪ್ಪ ತಾನಾಗಿಯೇ ಹೆಚ್ಚಿನ ಶಿಫ್ಟಿಗೆ ಬಂದಿದ್ದನೆಂದು ಕುಪ್ಪುಸ್ವಾಮಿಯೂ ಮೇಸ್ತ್ರಿಯೂ ಸೇರಿ ಬರೆಸಿದರು. ಅಲ್ಲಿಯವರೆಗೆ ಒಪ್ಪೋಣ. ಪರಿಹಾರ ಬಂತು, ಖರ್ಚೂ ಆಯಿತು, ಕೊನೆಗೆ ಗಣಿಯೇ ಮುಚ್ಚಿತು. ಆಮೇಲಾದರೂ ಕುಪ್ಪುಸ್ವಾಮಿ ಯಾಕೆ ಬಾಯಿ ಬಿಡಲಿಲ್ಲ? ಹೇಡಿತನ, ಇನ್ನೇನು! ಗೋಲು ಹೊಡೆದವನೆಂದು ಹೋಟೆಲಿನಲ್ಲಿ ಜನ ಎದ್ದು ಜಾಗ ಬಿಡುತ್ತಿದ್ದರಲ್ಲ, ಅದು ಅವನಿಗೆ ಹಿತವಾಗಿತ್ತು.

ಆದರೆ ಅವಳ ಕೈಯಿಂದ ಹಾರ? ಅದು ಮಾತ್ರ ಆಗದ ಮಾತು. ಭಾನುವಾರದೊಳಗೆ ಹೇಳಿಬಿಡಬೇಕೆಂದು ಶುಕ್ರವಾರ ಬೆಳಿಗ್ಗೆ ಬಂಗಾರಪೇಟೆಯ ಬಸ್ಸು ಹತ್ತಿದ. ಅಲ್ಲಿಂದ ಆಟೋ ಹಿಡಿದು ಅವಳ ಹಳ್ಳಿಗೆ ಹೋದ.

ಮುನಿನಾರಾಯಣಮ್ಮ ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಬಾ ಅಣ್ಣ ಎಂದು ಕರೆದು, ಕೂರಲು ಕುರ್ಚಿ ತಂದಿಟ್ಟಳು. ಅವನು ಕೂರಲಿಲ್ಲ. ನೆಲ ನೋಡಿಕೊಂಡು, ನಡೆದದ್ದನ್ನು ಏನೊಂದೂ ಬಿಡದೆ ಹೇಳಿದ.

ಅವಳು ಅಳಲಿಲ್ಲ. ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟಳು.

"ಅಂಗಾದ್ರೆ ಅವ್ರು ಓಗಿದ್ದು ನಾನು ಬೈದಿದ್ದಕ್ಕಲ್ಲ ಅನ್ನು ಅಣ್ಣ?"

ಕುಪ್ಪುಸ್ವಾಮಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಆವತ್ತು ಬೆಳಿಗ್ಗೆ ಗಂಡನನ್ನು ಚೆನ್ನಾಗಿ ಬೈದಿದ್ದಳಂತೆ. ರಜದ ದಿನವೂ ಚೆಂಡಿನ ಹಿಂದೆ ಹೋಗ್ತೀಯ, ಮನೆಯಲ್ಲಿ ಎಳೆಕೂಸಿದೆ, ನಿನ್ನ ಮುಖ ತೋರಿಸಬೇಡ ಅಂತ. ಅವನು ಒಂದು ಮಾತೂ ಆಡದೆ ಹೊರಟಿದ್ದ. ಸಂಜೆ ಹೆಣವಾಗಿ ಬಂದ. ಮ್ಯಾಚಿಗೂ ಹೋಗದೆ, ತನ್ನ ಮೇಲಿನ ಸಿಟ್ಟಿಗೇ ಗಣಿಗೆ ಇಳಿದನೆಂದು ಅವಳು ಐವತ್ತು ವರ್ಷ ನಂಬಿದ್ದಳು.

"ಅವತ್ತಿಂದ ಯಾರ್ನೂ ಬೈದಿಲ್ಲ ನಾನು," ಎಂದಳು. "ವೆಂಕಿನ್ನೂ ಬೈಲಿಲ್ಲ."

ವೆಂಕಿ ಅವಳ ಒಬ್ಬನೇ ಮಗ, ಆವತ್ತಿನ ಎಳೆಕೂಸು. ಕುಡಿದು ಕುಡಿದು ಮೂರು ವರ್ಷದ ಹಿಂದೆ ಸತ್ತ. ಕಣ್ಣೆದುರೇ ಮಗ ಹಾಳಾಗುತ್ತಿದ್ದರೂ ಒಂದು ಸಲವೂ ಗದರಲಿಲ್ಲವಲ್ಲ, ಎಂಥ ತಾಯಿ ಇವಳು ಎಂದು ಊರು ಆಡಿಕೊಂಡಿತ್ತು. ಕುಪ್ಪುಸ್ವಾಮಿಯೂ ಆಡಿಕೊಂಡಿದ್ದ. ಬೈದರೆ ಇವನೂ ಹೊರಟೇಹೋಗುತ್ತಾನೆಂದು ಅವಳು ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳಂತೆ.

"ನೀನು ಒಂದು ಮಾತು ಏಳಿದ್ದಿದ್ರೆ ಅವ್ನ ಬೈತಿದ್ದೆ ಅಣ್ಣ. ಬೈದು ಉಳಿಸ್ಕೊಂತಿದ್ದೆ."

ಒಂದು ಸಾವನ್ನು ಬಚ್ಚಿಟ್ಟಿದ್ದೇನೆಂದುಕೊಂಡು ಬಂದ ಕುಪ್ಪುಸ್ವಾಮಿಯ ತಲೆಯ ಮೇಲೆ ಈಗ ಎರಡಾಗಿದ್ದವು. ಕೈಮುಗಿದ.

ಆಗ ಅವಳ ದನಿ ಏರಿತು. ಹೇಡಿ, ಮನೆಹಾಳ, ನನ್ನ ಹೊಟ್ಟೆ ಉರಿಸಿದವನೇ ಎಂದು ಬಾಯಿಗೆ ಬಂದದ್ದೆಲ್ಲ ಬೈದಳು. ಅಕ್ಕಪಕ್ಕದವರು ಕೆಲಸ ಬಿಟ್ಟು ಬಾಗಿಲಿಗೆ ಬಂದರು. ಬೈಯಲಿ, ತನಗೆ ಸಲ್ಲಬೇಕಾದದ್ದು ಇದೇ ಎಂದು ಅವನು ತಲೆತಗ್ಗಿಸಿ ನಿಂತ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿದರೆ, ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಮನೆಯ ಖಾಲಿ ಜಗುಲಿಯ ಕಡೆಗೆ ತಿರುಗಿದ್ದಳು.

"ಕೆಳಗಿಡ್ಲಾ ಬಾಟ್ಲಿ. ಮುಟ್ಟಿದ್ರೆ ಕೈ ಮುರೀತೀನಿ. ಎದ್ದು ಮಕ ತೊಳ್ಕೊಂಡು ಉಣ್ಣಾಕೆ ಬಾರ್ಲಾ, ವೆಂಕೀ."

ಹೋಗಲೂ ಆಗದೆ, ಅವಳನ್ನು ತಡೆಯಲೂ ಆಗದೆ, ಕುಪ್ಪುಸ್ವಾಮಿ ಅಂಗಳದಲ್ಲೇ ನಿಂತಿದ್ದ.