ಗೇಯ್ ಮಾಸ್ಕ್, ಸೆಕ್ ಮುಖ

"ಏ ಗೇಯ್! ಆ ಮೀನು ಈಟಿಗೆ ಸತ್ತಿತಾ, ಇಲ್ಲಾ ನಿನ್ನ ಮುಖ ನೋಡಿ ಎದೆ ಒಡ್ಕೊಂಡು ಸತ್ತಿತಾ?"

ಬಂಡೆಯ ಮೇಲಿಂದ ಮೊಮಾರ್ ಸೆಕ್ ಕೂಗಿದಾಗ ಲಿಬಾಸ್ ಗೇಯ್ ಇನ್ನೂ ಸೊಂಟದ ನೀರಿನಲ್ಲಿದ್ದ. ಒಂದು ಕೈಯಲ್ಲಿ ಈಟಿ ಬಂದೂಕು, ಇನ್ನೊಂದರಲ್ಲಿ ತೋಳುದ್ದದ ಚೋಫ್ ಮೀನು, ಬೆನ್ನ ಹಿಂದೆ ಏಳುತ್ತಿದ್ದ ಅಲೆ. ಎನ್‌ಗೋರ್ ಊರಿನ ಕಡಲಬಂಡೆಗಳನ್ನು ಬಾಯಿ ಮುಚ್ಚಿಕೊಂಡು ಏರಬೇಕೆಂಬುದು ಮೂವತ್ತು ವರ್ಷ ಇಲ್ಲಿ ಮುಳುಗಿ ಎದ್ದವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಸೆಕ್ ಒಬ್ಬ ಬೈದ ಮೇಲೆ ಗೇಯ್ ಆದವನು ಸುಮ್ಮನಿರುವುದುಂಟೆ? ಮುತ್ತಜ್ಜಂದಿರ ಕಾಲದಿಂದ ಈ ಎರಡು ಮನೆತನಗಳಿಗೆ ಒಬ್ಬರನ್ನೊಬ್ಬರು 'ಭಾವ' ಎಂದು ಕರೆದು ಬೈಯುವ ಹಕ್ಕಿದೆ, ಸಿಟ್ಟಾಗುವ ಹಕ್ಕಿಲ್ಲ.

ಲಿಬಾಸ್ ಮೀನನ್ನೂ ಬಂದೂಕಿನ ಕೈಗೇ ದಾಟಿಸಿ, ಮುಖದ ಮಾಸ್ಕನ್ನು ಹಣೆಗೇರಿಸಿ, ಉಸಿರುಕೊಳವೆ ಉಗುಳಿದ.

"ಎರಡು ವರ್ಷದಿಂದ ಬರೀ ಬಂಡೆಗೇ ಗುರಿ ಇಡ್ತಿದೀಯಲ್ಲ ಭಾವ, ಬಂಡೆ ಸಾರು ರುಚಿಯಾಗಿರತ್ತಾ?"

ಅಲೆ ಬಡಿಯಿತು. ಲಿಬಾಸ್ ಎದ್ದು ನಿಂತಾಗ ಬಂದೂಕಿತ್ತು, ಮೀನಿತ್ತು, ಹಣೆ ಮಾತ್ರ ಖಾಲಿಯಿತ್ತು.

ಬಂಡೆಯ ಮೇಲಿದ್ದವರೆಲ್ಲ ನಕ್ಕರು. ಲಿಬಾಸನೂ ನಕ್ಕ, ಆಮೇಲೆ ನಗು ನಿಂತಿತು. ಅದು ಸಾದಾ ಮಾಸ್ಕ್ ಅಲ್ಲ. ದೂರದ್ದು ಕಾಣದ ಅವನ ಕಣ್ಣಿಗೆಂದು ಪೇಟೆಯ ಕನ್ನಡಕದಂಗಡಿಯವನು ಒಳಗೆ ಗಾಜು ಅಂಟಿಸಿ ಕೊಟ್ಟದ್ದು. ಅದಿಲ್ಲದಿದ್ದರೆ ತೋಳಳತೆಯ ಆಚೆಗೆ ಸಮುದ್ರವೆಲ್ಲ ಮಜ್ಜಿಗೆ. ಸಂಜೆಯವರೆಗೂ ಸಂದಿಗಳಲ್ಲಿ ತಡಕಾಡಿದ. ಸಿಕ್ಕಿದ್ದು ಕಡಲಮುಳ್ಳುಗಳು ಮಾತ್ರ.

ಹೆಂಡತಿ ಯಾಸಿನ್ ಸೂಜಿ ಹಿಡಿದು ಅವನ ಬೆರಳಿನ ಮುಳ್ಳು ತೆಗೆಯುತ್ತ ಕೂತಳು.

"ಹೋದ ವರ್ಷ ಚಾಕು. ರಂಜಾನ್‌ನಲ್ಲಿ ಒಂದು ಕಾಲಿನ ಈಜುರೆಕ್ಕೆ. ಈಗ ಕಣ್ಣೇ ಹೋಯ್ತು. ಸಮುದ್ರ ನಿಮ್ಮನ್ನ ಒಂದೊಂದಾಗಿ ಬಿಚ್ತಾ ಇದೆ ಕಣ್ರೀ. ಚಡ್ಡಿಗೆ ಕೈ ಹಾಕೋ ಮುಂಚೆ ಬಿಟ್ಟುಬಿಡಿ."

"ನೋಡೋಣ ಬಿಡು."

"ನೋಡೋದೇನು? ಇನ್ನೊಂದು ಕಳೆದ್ರೆ ನೀರಿಗೆ ಇಳಿಯಲ್ಲ ಅಂತ ನೀವೇ ಮಾತು ಕೊಟ್ಟಿದ್ರಿ. ಸೋಮವಾರದಿಂದ ನಮ್ಮಣ್ಣನ ಬಣ್ಣದಂಗಡೀಲಿ ಕೂತ್ಕೊಳ್ಳಿ."

ಬಣ್ಣದ ಡಬ್ಬಿಗಳ ನಡುವೆ ಕೂತ ತನ್ನನ್ನು ನೆನೆದರೆ ಲಿಬಾಸ್‌ಗೆ ಉಸಿರು ಕಟ್ಟುತ್ತಿತ್ತು. ನೀರಿನ ಕೆಳಗೆ ಹಾಗೆಂದೂ ಆಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಬಂಡೆಯ ಮೇಲೆ ಎರಡನೇ ಸುತ್ತಿನ ಚಹಾ ಕುದಿಯುತ್ತಿದ್ದಾಗ ಮೊಮಾರ್ ನೀರಿನಿಂದ ಎದ್ದು ಬಂದ. ಹಗ್ಗದಲ್ಲಿ ನಾಲ್ಕು ಮೀನು. ಮುಖದ ಮೇಲೆ ಲಿಬಾಸನ ಮಾಸ್ಕ್.

"ಎಲ್ಲಿತ್ತೋ ಅದು?" ಲಿಬಾಸ್ ನೆಗೆದು ನಿಂತ.

"ನೀರಿಳಿದಾಗ ಬಂಡೆ ಸಂದೀಲಿ ಸಿಕ್ತು. ಕಡಲಿಗೆ ಬಿದ್ದ ಗೇಯ್ ಸಾಮಾನು ಸೆಕ್‌ಗೆ ಸೇರಿದ್ದು. ಕಾನೂನು!"

"ಬಿಚ್ಚೋ ಕಳ್ಳ. ನಿನ್ನ ಕುಂಬಳಕಾಯಿ ತಲೆಗೆ ಪಟ್ಟಿ ಹರಿದುಹೋಗತ್ತೆ!"

ಮೊಮಾರ್ ಬಿಚ್ಚಲಿಲ್ಲ. ಮಾಸ್ಕ್ ಹಾಕಿಕೊಂಡೇ ಚಹಾ ಹೀರಿದ. ಹೀರುತ್ತ ಎದುರಿನ ದ್ವೀಪದ ಕಡೆ ನೋಡಿದ, ಹಕ್ಕಿ ನೋಡಿದ, ಲಂಗರು ಹಾಕಿದ್ದ ದೋಣಿಯತ್ತ ತಿರುಗಿದವನೇ, "ಅರೇ, ಅದರ ಮೇಲೆ 'ತಾಯಿಯ ಹರಕೆ' ಅಂತ ಬರೆದಿದಾರೆ!" ಎಂದ.

ಚಹಾ ಕಾಸುತ್ತಿದ್ದ ದೋಣಿ ಬಡಗಿ ಬಿರಾಮ್ ತಲೆಯೆತ್ತಿದ. "ಹತ್ತು ವರ್ಷದಿಂದ ಬರೆದಿದೆ ಕಣಯ್ಯಾ. ಈಗ ಕಂಡಿತಾ ನಿಂಗೆ?"

ಮೊಮಾರ್ ಬೇಗನೆ ಚಹಾ ಲೋಟದತ್ತ ಮುಖ ತಗ್ಗಿಸಿದ. ಲಿಬಾಸ್ ಅವನನ್ನೇ ನೋಡಿದ. ನೋಡಿ, ಎಲ್ಲರಿಗೂ ಕೇಳುವಂತೆ ತೊಡೆ ತಟ್ಟಿದ.

"ಸೆಕ್‌ಗಳಿಗೆ ಓದು ಹತ್ತೋಕೆ ಐವತ್ತೈದು ವರ್ಷ ಬೇಕು ಬಿರಾಮ್! ಅದೂ ಗೇಯ್ ಬುದ್ಧಿ ಮುಖಕ್ಕೆ ಕಟ್ಕೊಂಡ್ರೆ ಮಾತ್ರ!"

ಬಂಡೆ ಬಿರಿಯುವಂತೆ ನಕ್ಕರು. ಬಿರಾಮನ ಪ್ರಶ್ನೆ ಆ ನಗುವಿನಲ್ಲಿ ಕೊಚ್ಚಿಹೋಯಿತು.

ಉಳಿದವರೆಲ್ಲ ನಮಾಜಿಗೆ ಎದ್ದು ಹೋದ ಮೇಲೆ ಮೊಮಾರ್ ಮಾಸ್ಕ್ ಬಿಚ್ಚಿದ. ಕಣ್ಣು ಕಿರಿದಾಯಿತು.

"ನೀನು ಹೇಳಿದ್ದು ನಿಜ ಭಾವ. ಎರಡು ವರ್ಷದಿಂದ ಬಂಡೆಗೇ ಹೊಡೀತಿದ್ದೆ. ಮೀನು ಅಂದ್ಕೊಂಡು."

"ಕನ್ನಡಕದಂಗಡಿಗೆ ಹೋಗೋಕೆ ಏನು ರೋಗ?"

"ಗುರಿ ಕೆಟ್ಟಿದೆ ಅಂತ ನಗಲಿ, ಪರವಾಗಿಲ್ಲ. ಕಣ್ಣು ಕೆಟ್ಟಿದೆ ಅಂತ ಗೊತ್ತಾದ್ರೆ ಮಗ ನೀರಿಗೆ ಬಿಡಲ್ಲ." ಮಾಸ್ಕ್ ಮುಂದೆ ಚಾಚಿದ. "ತಗೋ. ನಿಂದು."

ಲಿಬಾಸ್ ಅದನ್ನು ಮತ್ತೆ ಅವನ ಕಡೆಗೇ ತಳ್ಳಿದ.

"ನಾಳೆ ಮೊದಲು ನೀನು ಇಳಿ, ಆಮೇಲೆ ನಾನು. ಗುರುವಾರ ನಿನ್ನ ಕಿವಿ ಹಿಡ್ಕೊಂಡು ಅಂಗಡಿಗೆ ಕರ್ಕೊಂಡ್ಹೋಗ್ತೀನಿ. ಅಲ್ಲಿವರೆಗೆ ಇಬ್ಬರಿಗೂ ಒಂದೇ."

ಮನೆಯಲ್ಲಿ ಲಿಬಾಸ್, "ಮಾಸ್ಕ್ ಕಳೆದಿಲ್ಲ ಕಣೇ, ಸೆಕ್ ಹತ್ರ ಇದೆ" ಎಂದ.

"ಸೆಕ್ ಕೈಗೆ ಹೋಗೋ ಬದಲು ಸಮುದ್ರಕ್ಕೇ ಹೋಗಿದ್ರೆ ವಾಪಸ್ ಬರ್ತಿತ್ತು," ಎಂದಳು ಯಾಸಿನ್. ಬೆಳಿಗ್ಗೆ ನೋಡಿದರೆ ಅವನು ಬೇಟೆಗೆ ಒಯ್ಯುವ ಚೀಲದಲ್ಲಿ ಒಂದರ ಬದಲು ಎರಡು ಬ್ರೆಡ್ ಇಟ್ಟಿದ್ದಳು.

ಸೋಮವಾರ ಲಿಬಾಸ್ ಬಂಡೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕಾದ. ಮೊಮಾರ್ ನೀರಿನಿಂದ ಎದ್ದು ಬಂದು, ಏದುಸಿರು ಬಿಡುತ್ತ ಮಾಸ್ಕ್ ಕಳಚಿದ. ಒಬ್ಬನಿಗೆ ಇನ್ನೊಬ್ಬ ಬರೀ ಮಬ್ಬು. ಇಬ್ಬರ ಕೈಗಳೂ ಗಾಳಿಯಲ್ಲಿ ಸ್ವಲ್ಪ ಹುಡುಕಾಡಿ ಸಿಕ್ಕವು. ಲಿಬಾಸ್ ಮಂಜು ಕವಿಯದಂತೆ ಗಾಜಿನೊಳಗೆ ಉಗುಳಿ, ಉಜ್ಜಿ, ತೊಳೆದು, ಮುಖಕ್ಕೆ ಒತ್ತಿಕೊಂಡ. ರಬ್ಬರು ಇನ್ನೂ ಬೆಚ್ಚಗಿತ್ತು.