ಬಿರುಗಾಳಿ ಲಾರಿ ತಡೆದದ್ದು

ಹದಿನಾರು ಟನ್ ಟೈಲ್ಸ್ ತುಂಬಿದ್ದ ಲಾರಿಯನ್ನು ಬಿರುಗಾಳಿ ತಡೆದು ನಿಲ್ಲಿಸಿದ್ದು ಬರೀ ಎಡಗಾಲಿನ ಹೆಬ್ಬೆರಳಿನಿಂದ. ಬಲಗಾಲಿಗೆ ಆ ಹೊತ್ತಿಗೆ ಜೋಮು ಹಿಡಿದಿತ್ತಂತೆ. ಇಲ್ಲದಿದ್ದರೆ ಲಾರಿ ನಿಲ್ಲುವುದಿರಲಿ, ಇಳಿದ ಇಳಿಜಾರನ್ನು ತಾನೇ ಹತ್ತಿಕೊಂಡು ಹೋಗಿ, ಗೋದಾಮಿನೊಳಗೆ ತನ್ನ ಜಾಗದಲ್ಲಿ ಮರ್ಯಾದೆಯಾಗಿ ನಿಲ್ಲುತ್ತಿತ್ತು.

ಬಿರುಗಾಳಿ ಎಂದರೆ ಲಾರಿಯಲ್ಲ, ಅದರ ಡ್ರೈವರು. ಆ ಹೆಸರು ಬಂದದ್ದು ವೇಗಕ್ಕಲ್ಲ, ಬಾಯಿಗೆ. ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸಿದವನು, ಒಂದು ನಾಯಿಮರಿಗೂ ಹಾರ್ನ್ ಹೊಡೆದು ನೋಯಿಸಿದವನಲ್ಲ. ಆದರೆ ಅವನ ಕತೆಗಳಲ್ಲಿ ಲಾರಿ ಮುಳುಗಿದ ಸೇತುವೆ ದಾಟಿದೆ, ರೈಲನ್ನು ಹಿಂದೆ ಹಾಕಿದೆ, ಒಮ್ಮೆ ಚಕ್ರವೇ ಇಲ್ಲದೆ ಮೂವತ್ತು ಮೈಲಿ ಓಡಿದೆ.

ನಡೆದದ್ದರಲ್ಲಿ ಎಲ್ಲರೂ ಒಪ್ಪುವ ಭಾಗ ಇಷ್ಟು. ಬೆಳಗ್ಗೆ ಹತ್ತೂ ಇಪ್ಪತ್ತೈದಕ್ಕೆ ಲಾರಿ ಗೋದಾಮಿನ ಅಂಗಳದಿಂದ ತಾನಾಗಿ ಜಾರಿ, ಗೇಟು ಮುರಿದು, ಇಳಿಜಾರಿನ ಕೆಳಗಿದ್ದ ದರ್ಜಿಯಮ್ಮನ ಅಂಗಡಿಗೆ ಹಿಮ್ಮುಖವಾಗಿ ನುಗ್ಗಿತು. ದರ್ಜಿಯಮ್ಮ ಒಳಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು, ಕೂದಲೂ ಕೊಂಕಲಿಲ್ಲ. ಎರಡು ಹೊಲಿಗೆ ಯಂತ್ರ ಅಪ್ಪಚ್ಚಿ, ಶಟರು ಹಪ್ಪಳ. ಸ್ವಲ್ಪ ಹೊತ್ತಿಗೆ ಜನ ಸೇರಿ ನೋಡಿದರೆ, ಕ್ಯಾಬಿನ್ನಿನಿಂದ ಬಿರುಗಾಳಿ ಇಳಿಯುತ್ತಿದ್ದಾನೆ. ಮೈಯೆಲ್ಲ ಬೆವರು. ದರ್ಜಿಯಮ್ಮ "ಅಣ್ಣಾ, ಬದುಕಿದ್ಯಲ್ಲ, ಅಷ್ಟು ಸಾಕು" ಎಂದು ಅತ್ತೇಬಿಟ್ಟಳು. ಯಾರೋ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮೇಲೆ ಸುಮ್ಮನಿರುವ ಜಾತಿಯೇ ಅವನು? ಶಾಲೆಯ ಕಡೆ ನುಗ್ಗುತ್ತಿದ್ದ ಗಾಡಿಯನ್ನು ತಾನೇ ಅಂಗಡಿಯ ಕಡೆ ತಿರುಗಿಸಿ ಮುನ್ನೂರು ಮಕ್ಕಳನ್ನು ಉಳಿಸಿದೆ ಎಂದ. ಆ ಬೀದಿಯಲ್ಲಿ ಶಾಲೆಯೇ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ನಾಲ್ಕು ದಿನ ಅವನ ಕಾಲು ನೆಲದ ಮೇಲಿರಲಿಲ್ಲ. ಮದುವೆಯಾದ ದಿನದಿಂದ ಅವನನ್ನು "ಇವನಾ?" ಎಂದೇ ಕರೆಯುತ್ತಿದ್ದ ಅತ್ತೆ ಈಗ "ನಮ್ಮ ಅಳಿಯಂದಿರು" ಎನ್ನತೊಡಗಿದರು. ಕುರ್ಚಿಗೆ ದಿಂಬು ಬಂತು. ಪಕ್ಕದ ಮನೆಯವರನ್ನು ಕರೆದು ತಂದು ಹೆಬ್ಬೆರಳು ತೋರಿಸಿದರು. ಗೋದಾಮಿನ ಮ್ಯಾನೇಜರಂತೂ ಮನೆಗೇ ಬಂದು, ಕತೆಯನ್ನು ಮೊದಲಿನಿಂದ ಹೇಳಿಸಿ, ನೆನಪಿಗಿರಲಿ ಎಂದು ಮೂರು ಪುಟ ಬರೆದುಕೊಂಡು, ಕೆಳಗೆ ಸಹಿ ಹಾಕಿಸಿಕೊಂಡು ಹೋದ. ಹೆಬ್ಬೆರಳಿನ ವಿಷಯ ಬಿಟ್ಟುಹೋಗಿದೆ ಎಂದು ಬಿರುಗಾಳಿಯೇ ನೆನಪಿಸಿ ಬರೆಸಿದ.

ಐದನೇ ದಿನ ವಿಮಾ ಕಚೇರಿಯಿಂದ ಕರೆ ಬಂತು. ಸನ್ಮಾನವಿರಬೇಕು ಎಂದು ಅತ್ತೆ ಒಳ್ಳೆಯ ಸೀರೆ ಉಟ್ಟು ಜೊತೆಗೆ ಹೊರಟರು.

ಅಲ್ಲಿದ್ದದ್ದು ಉದ್ದನೆಯ ಮೇಜು, ಒಂದು ಗಡಿಯಾರ ಮತ್ತು ಕನ್ನಡಕದ ಮೇಲಿಂದ ನೋಡುವ ವಕೀಲೆ. ಮ್ಯಾನೇಜರು ಆಗಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ದರ್ಜಿಯಮ್ಮ ಮೂಲೆಯಲ್ಲಿ. ವಕೀಲೆ ವಿಷಯವನ್ನು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಗೋದಾಮಿನ ಕ್ರಮದ ಪ್ರಕಾರ ಡ್ರೈವರು ಒಳಗೆ ಬಂದ ತಕ್ಷಣ ಕೌಂಟರಿನಲ್ಲಿ ಕೀ ಕೊಟ್ಟು, ಅದಕ್ಕೆ ಗುರುತಿನ ಬಿಲ್ಲೆ ತೆಗೆದುಕೊಳ್ಳಬೇಕು. ಅಲ್ಲಿಂದ ಮುಂದೆ ಲಾರಿ ಸರಿಸುವವರು ಗೋದಾಮಿನವರೇ. ಚಕ್ರಕ್ಕೆ ಮರದ ತುಂಡು ಕೊಡದೆ ಅವರು ನಿಲ್ಲಿಸಿದ್ದರೆ ಹೊಣೆ ಗೋದಾಮಿನದು. ಡ್ರೈವರೇ ಒಳಗಿದ್ದು ಗಾಡಿ ಜಾರಿದ್ದರೆ ಹೊಣೆ ಡ್ರೈವರದ್ದು ಮತ್ತು ಅವನ ಮಾಲೀಕನದ್ದು. ಆಗ ಲೈಸೆನ್ಸೂ ಹೋಗುತ್ತದೆ, ಕೆಲಸವೂ.

ಬಿರುಗಾಳಿ ಜೇಬಿನಿಂದ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. ಕೀ ಕೊಟ್ಟಾಗಿತ್ತು, ನೋಡಿ ಎಂದ.

ಮ್ಯಾನೇಜರು ನಗುತ್ತ ಮೂರು ಪುಟ ತೆಗೆದು ಬಿಲ್ಲೆಯ ಪಕ್ಕದಲ್ಲಿಟ್ಟ. ಡ್ರೈವರುಗಳ ಹತ್ತಿರ ಎರಡನೇ ಕೀ ಇರುವುದು ಯಾರಿಗೆ ಗೊತ್ತಿಲ್ಲ ಎಂದ. "ಲಾರಿ ಹೊರಟಾಗ ಸ್ಟೀರಿಂಗ್ ಹಿಡಿದಿದ್ದು ನಾನೇ ಅಂತ ಇವರೇ ಬರೆಸಿದ್ದಾರೆ ಮೇಡಂ. ನಾವೇನು ಹೇಳೋದು, ಧೀರರು."

ಬಿರುಗಾಳಿಗೆ ಆಗ ಅರ್ಥವಾಯಿತು. ಬೆನ್ನಹುರಿಯಲ್ಲಿ ಒಂದು ಹಿಮನದಿಯೇ ಹರಿಯಿತು.

ಅವನು ಕತೆಯನ್ನು ಸ್ವಲ್ಪ ಸ್ವಲ್ಪವೇ ಕುಗ್ಗಿಸಿ ನೋಡಿದ. ಒಳಗಿರಲಿಲ್ಲ, ಬಾಗಿಲಿಗೆ ಜೋತುಬಿದ್ದಿದ್ದೆ ಎಂದ. ವಕೀಲೆ ಬರೆದುಕೊಂಡಳು. ಜೋತುಬಿದ್ದಿರಲಿಲ್ಲ, ಪಕ್ಕದಲ್ಲಿ ಓಡುತ್ತಿದ್ದೆ ಎಂದ. ಅದನ್ನೂ ಬರೆದುಕೊಂಡಳು. ಓಡುತ್ತಲೂ ಇರಲಿಲ್ಲ, ದೂರದಿಂದ ಕೂಗಿ ಹೆದರಿಸಿದೆ ಎಂದಾಗ ಪೆನ್ನು ಕೆಳಗಿಟ್ಟಳು.

"ಹತ್ತೂ ಇಪ್ಪತ್ತೈದಕ್ಕೆ ನೀವು ಎಲ್ಲಿದ್ರಿ? ಒಂದೇ ಜಾಗ ಹೇಳಿ."

ಅವನು ಅತ್ತೆಯ ಕಡೆ ನೋಡಿದ. ಅತ್ತೆ ತಲೆಯೆತ್ತಿ ಕೂತಿದ್ದರು, ಬೆಟ್ಟದ ಹಾಗೆ. ಲೈಸೆನ್ಸು ಒಂದು ಕಡೆ, ದಿಂಬು ಇನ್ನೊಂದು ಕಡೆ. ಇಪ್ಪತ್ತೆರಡು ವರ್ಷ ಕೂತ ಸೀಟು ನೆನಪಾಯಿತು.

"ಗೋದಾಮಿನ ಟಾಯ್ಲೆಟ್‌ನಲ್ಲಿ" ಎಂದ.

ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಕೀ ಕೊಟ್ಟು ಟಾಯ್ಲೆಟ್ಟಿಗೆ ಹೋದವನು ಒಳಗೇ ಸಿಕ್ಕಿಬಿದ್ದದ್ದು, ಕೂಗಿದ್ದು, ಢಮಾರ್ ಸದ್ದು ಕೇಳಿ ಸೂರೇ ಬಿತ್ತೆಂದು ತಲೆಯ ಮೇಲೆ ಬಕೆಟ್ಟು ಕವುಚಿಕೊಂಡದ್ದು, ಕೊನೆಗೆ ಗೋದಾಮಿನ ಬಡಗಿ ಬಂದು ಬಿಡಿಸಿದ್ದು, ಯಾರಿಗೂ ಹೇಳಬೇಡ ಎಂದು ಅವನ ಕೈ ಹಿಡಿದದ್ದು, ಬ್ಯಾಗು ಉಳಿದಿದೆಯೇ ನೋಡಲು ಕ್ಯಾಬಿನ್ ಹತ್ತಿದ್ದು, ಎಲ್ಲ ಹೇಳಿದ. ಚಿಲಕ ಎಂಥ ಚಿಲಕ, ಕೋಟೆ ಬಾಗಿಲಿಗೂ ಅಂಥದ್ದಿರಲಿಲ್ಲ, ತುಕ್ಕು ಹಿಡಿದು ಕಚ್ಚಿಕೊಂಡುಬಿಟ್ಟಿತ್ತು ಎಂದು ಸೇರಿಸಿದ.

ಮ್ಯಾನೇಜರು ಇದೂ ಬುರುಡೆಯೇ ಎಂದ. ವಕೀಲೆ ತಿರುಗಿ, ನಿಮ್ಮಲ್ಲಿ ಬಲ್ಬು ಬದಲಿಸಿದರೂ ಗಂಟೆ ನಿಮಿಷ ಹಾಕಿ ರಿಪೇರಿ ಪುಸ್ತಕದಲ್ಲಿ ಬರೆಯುತ್ತಾರಂತಲ್ಲ, ತರಿಸಿ ಎಂದಳು. ಮ್ಯಾನೇಜರ ಮೇಲಿದ್ದ ಕಾಲು ಕೆಳಗಿಳಿಯಿತು.

ಅರ್ಧ ಗಂಟೆಯಲ್ಲಿ ಪುಸ್ತಕ ಬಂತು. ಬಡಗಿ ಬಾಯಿ ಮುಚ್ಚಿಕೊಂಡಿದ್ದ, ಪೆನ್ನು ಮುಚ್ಚಿರಲಿಲ್ಲ. ಹತ್ತೂ ಹದಿನೈದಕ್ಕೆ ಟಾಯ್ಲೆಟ್ ಬಾಗಿಲಿಗೆ ಕರೆ, ಹತ್ತೂ ಮೂವತ್ತೈದಕ್ಕೆ ಡ್ರೈವರ್ ಹೊರಗೆ. ಕೆಳಗೆ ಮ್ಯಾನೇಜರದ್ದೇ ಸಹಿ. ಕೀ ಆ ಹೊತ್ತಿಗೆ ಕೌಂಟರಿನ ಹಿಂದೆ, ಲಾರಿ ಸರಿಸಿದ್ದು ಗೋದಾಮಿನ ಆಳು, ಹೊಣೆ ಗೋದಾಮಿನದು ಎಂದು ವಕೀಲೆ ಬರೆದಳು. ದರ್ಜಿಯಮ್ಮನಿಗೆ ಹೊಸ ಯಂತ್ರ ಕೊಡಿಸಬೇಕಾದವರು ಯಾರು ಎಂಬುದೂ ತೀರ್ಮಾನವಾಯಿತು. ಲೈಸೆನ್ಸಿಗೆ ಏನೂ ಆಗಲಿಲ್ಲ.

ಬಿರುಗಾಳಿ ಉಸಿರು ಬಿಟ್ಟು ಏಳಬೇಕು, ಅಷ್ಟರಲ್ಲಿ ವಕೀಲೆ ಕನ್ನಡಕ ಸರಿಮಾಡಿಕೊಂಡು, ದೋಷ ಎಂಬ ಕೊನೆಯ ಅಂಕಣಕ್ಕೆ ಬೆರಳಿಟ್ಟಳು. ಚಿಲಕದ ಬಗ್ಗೆ ನೀವು ಹೇಳಿದ್ದಕ್ಕೂ ಇದಕ್ಕೂ ಹೊಂದುತ್ತಿಲ್ಲವಲ್ಲ ಎಂದಳು.

"ಏನಂತ ಬರೆದಿದೆ ಮೇಡಂ?" ಎಂದು ಅತ್ತೆ ಕೇಳಿದರು.

"ದೋಷ: ಏನೂ ಇಲ್ಲ."

ಅತ್ತೆ ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಅವನು ಗಡಿಯಾರ ನೋಡಿದ, ಮೇಜು ನೋಡಿದ, ತನ್ನ ಹೆಬ್ಬೆರಳನ್ನೂ ನೋಡಿದ. ಎಲ್ಲೂ ದಾರಿಯಿರಲಿಲ್ಲ.

"ಚಿಲಕ ಸರಿಯಾಗೇ ಇತ್ತು ಅತ್ತೆ" ಎಂದ. "ಬಾಗಿಲು ಒಳಗಡೆಗೆ ಎಳೀಬೇಕಿತ್ತು. ನಾನು ಇಪ್ಪತ್ತು ನಿಮಿಷ ತಳ್ತಾ ಇದ್ದೆ."